ತಾಸಿನ ಲೆಕ್ಕ: ಟೆಕ್ ಕನ್ಸಲ್ಟಿಂಗ್ ಕಂಪನಿಯಲ್ಲಿ ಹೊಸಬರ ಮೊದಲ ವರ್ಷ

ಬಾಗಲಕೋಟೆಯ ಓಣಿಯಲ್ಲಿ ಯಾರಾದರೂ "ನಮ್ಮ ಹುಡುಗಿಗೆ ಕನ್ಸಲ್ಟಿಂಗ್ ಕಂಪನ್ಯಾಗ ನೌಕರಿ ಆತು" ಅಂದರೆ ಮರುಪ್ರಶ್ನೆ ಸಿದ್ಧವೇ ಇರುತ್ತದೆ: "ಎಷ್ಟು ರೊಕ್ಕಾ ಕೊಟ್ರಿ?" ಕೇಳುವವರ ತಪ್ಪಿಲ್ಲ. ನಮ್ಮ ಕಡೆ ಕನ್ಸಲ್ಟನ್ಸಿ ಅಂದರೆ ಕಮಿಷನ್ ತಗೊಂಡು ನೌಕರಿ ಹಚ್ಚುವ ಆಫೀಸು ಅಂತಲೇ ರೂಢಿ. ಅಂಥವರ ಪೈಕಿ ಲಕ್ಷಗಟ್ಟಲೆ ಇಸಿದುಕೊಂಡು "ಹಿಂಬಾಗಿಲಿನಿಂದ" ಸೇರಿಸುತ್ತೇವೆ, ಎರಡು ವರ್ಷದ ಅನುಭವದ ಕಾಗದ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅವರ ಹತ್ತಿರ ಸುಳಿಯಬೇಡಿ. ಖೊಟ್ಟಿ ಅನುಭವ ದಾಖಲೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ಅದೂ ಕೆಲಸಕ್ಕೆ ಸೇರಿದ ಮೇಲೆ.

ಇಲ್ಲಿ ಹೇಳುತ್ತಿರುವುದು ಬೇರೆಯದೇ ಜಾತಿಯ ಕಂಪನಿ. ಬ್ಯಾಂಕು, ವಿಮೆ, ಔಷಧ, ವಾಹನ ತಯಾರಿಕೆಯಂಥ ಉದ್ಯಮಗಳಿಗೆ ಸಾಫ್ಟ್‌ವೇರ್ ಕಟ್ಟಿಕೊಡುವುದು, ಹಳೆಯದನ್ನು ಬದಲಿಸಿಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ಇದರ ಕಸುಬು. ಅಕ್ಸೆಂಚರ್, ಡೆಲಾಯ್ಟ್, ಕ್ಯಾಪ್‌ಜೆಮಿನಿ, ಟಿಸಿಎಸ್, ಇನ್ಫೋಸಿಸ್ ಇವುಗಳ ಗಾತ್ರ, ಪಗಾರ, ಗತ್ತು ಬೇರೆ ಬೇರೆ ಇರಬಹುದು. ವ್ಯಾಪಾರದ ಬುಡ ಮಾತ್ರ ಒಂದೇ. ಅವು ಮಾರುವುದು ಜನರ ತಾಸುಗಳನ್ನು. ಬೆಂಚು, ಟೈಮ್‌ಶೀಟ್, ಕಲಿತದ್ದೊಂದು ಸಿಕ್ಕಿದ್ದೊಂದು ಎಂಬ ಪ್ರಾಜೆಕ್ಟು, ಇಬ್ಬಿಬ್ಬರು ಮ್ಯಾನೇಜರು, ಹೀಗೆ ಹೊಸಬರಿಗೆ ವಿಚಿತ್ರವಾಗಿ ಕಾಣುವ ಬಹುತೇಕ ಸಂಗತಿಗಳು ಒಂದು ಪ್ರಶ್ನೆ ಹಾಕಿಕೊಂಡರೆ ಅರ್ಥವಾಗುತ್ತವೆ: ನನ್ನ ಈ ತಾಸಿನ ಬಿಲ್ಲು ಯಾರ ಮೇಲೆ ಬೀಳುತ್ತಿದೆ?

ಗೌಂಡಿಯ ಲೆಕ್ಕ

ಮನೆ ಕಟ್ಟಿಸಿದವರಿಗೆ ಇದನ್ನು ವಿವರಿಸುವುದು ಸುಲಭ. ಗೌಂಡಿಗೆ ದಿನದ ಪಗಾರ ಕೊಟ್ಟು ಕೆಲಸ ಮಾಡಿಸಬಹುದು. ಇಲ್ಲವೇ ಚದರಕ್ಕೆ ಇಷ್ಟು ಅಂತ ಗುತ್ತಿಗೆ ಕೊಡಬಹುದು. ಕನ್ಸಲ್ಟಿಂಗ್‌ನಲ್ಲಿ ಮೊದಲನೆಯದಕ್ಕೆ ಟೈಮ್ ಅಂಡ್ ಮೆಟೀರಿಯಲ್ ಅನ್ನುತ್ತಾರೆ, ಎರಡನೆಯದಕ್ಕೆ ಫಿಕ್ಸೆಡ್ ಪ್ರೈಸ್. ದಿನಗೂಲಿಯಲ್ಲಿ ಕೆಲಸ ತಡವಾದರೆ ಮನೆಯವನ ಜೇಬಿಗೆ ಕತ್ತರಿ, ಗುತ್ತಿಗೆಯಲ್ಲಿ ಗುತ್ತೇದಾರನ ಜೇಬಿಗೆ. ಪ್ರಾಜೆಕ್ಟು ಗುತ್ತಿಗೆಯದ್ದಾದರೆ ಕೊನೆಯ ಎರಡು ತಿಂಗಳು ಶನಿವಾರ ಭಾನುವಾರವೂ ಲ್ಯಾಪ್‌ಟಾಪ್ ತೆರೆಯಬೇಕಾಗುವುದಕ್ಕೆ ಇದೇ ಕಾರಣ. ಮೊದಲಿನ ಅಂದಾಜು ತಪ್ಪಿದ್ದರೆ ಹೆಚ್ಚಿನ ತಾಸುಗಳಿಗೆ ಯಾರೂ ಬಿಲ್ ಕಟ್ಟುವುದಿಲ್ಲ. ಮೂರನೆಯ ಬಗೆ ಮ್ಯಾನೇಜ್ಡ್ ಸರ್ವೀಸ್, ಅಂದರೆ ವರ್ಷಗಟ್ಟಲೆ ನಿಗಾ ಇಟ್ಟು ನಡೆಸಿಕೊಡುವ ಒಪ್ಪಂದ. ಸಪೋರ್ಟ್ ಕೆಲಸಗಳು ಹೆಚ್ಚಾಗಿ ಇದರಡಿ ಬರುತ್ತವೆ.

ಲೆಕ್ಕಕ್ಕೆಂದು ಒಂದು ಅಂಕಿ ಇಟ್ಟುಕೊಳ್ಳೋಣ. ಗ್ರಾಹಕ ಕಂಪನಿ ನಿಮ್ಮ ತಾಸಿಗೆ 25 ಡಾಲರ್ ಕೊಡಲು ಒಪ್ಪಿದೆ, ತಿಂಗಳಿಗೆ 160 ತಾಸು. ಬಿಲ್ಲು 4,000 ಡಾಲರ್. ಇದನ್ನು ಕೇಳಿದ ಹೊಸಬರು ತಮ್ಮ ಸಂಬಳದ ಜೊತೆ ಹೋಲಿಸಿ ಕುದಿಯುವುದು ಮಾಮೂಲು. ಆದರೆ ಅದೇ 4,000ದಲ್ಲಿ ಬಿಲ್ ಇಲ್ಲದೆ ಕೂತವರ ಪಗಾರ, ಮಾರಾಟದವರ ಖರ್ಚು, ಕಟ್ಟಡ, ಲೈಸೆನ್ಸು, ಕೊಟ್ಟ ರಿಯಾಯಿತಿ, ಲಾಭ ಎಲ್ಲವೂ ಸೇರಿವೆ. ವಾರದ 40 ತಾಸಿನಲ್ಲಿ 34ಕ್ಕೆ ಬಿಲ್ ಆದರೆ ಯುಟಿಲೈಸೇಶನ್ 85 ಪ್ರತಿಶತ. ಮೇಲಿನವರ ಬೋನಸ್ಸೂ ಈ ಅಂಕಿಗೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಅವರ ಮಾತಿನಲ್ಲಿ ಇದು ದಿನವೂ ಬರುತ್ತದೆ.

ಹೊಸಬರನ್ನು ನೂರುಗಟ್ಟಲೆ ತೆಗೆದುಕೊಳ್ಳುವುದೂ ಈ ಗಣಿತದಿಂದಲೇ. ವ್ಯವಸ್ಥೆಯ ನಕ್ಷೆ ಹಾಕುವ ಒಬ್ಬ ಆರ್ಕಿಟೆಕ್ಟ್, ತಂಡ ನಡೆಸುವ ಇಬ್ಬರು ಲೀಡ್, ಕೆಳಗೆ ಆರೇಳು ಹೊಸಬರು ಇದ್ದಾಗ ಮಾತ್ರ ತಂಡದ ಸರಾಸರಿ ಖರ್ಚು ಇಳಿಯುತ್ತದೆ. ಬಾಗಲಕೋಟೆಯ ಬಸವೇಶ್ವರ, ವಿಜಯಪುರದ ಹಳಕಟ್ಟಿ, ಬೆಳಗಾವಿಯ ಗೋಗಟೆಯಂಥ ಕಾಲೇಜುಗಳ ಮೆಕ್ಯಾನಿಕಲ್, ಸಿವಿಲ್ ಪದವೀಧರರಿಗೂ ಸಾಫ್ಟ್‌ವೇರ್ ಕೆಲಸ ಸಿಗುವುದು ಹೀಗೆ. ಎಷ್ಟು ಕೋಡ್ ಗೊತ್ತು ಎನ್ನುವುದಕ್ಕಿಂತ ಮೂರು ತಿಂಗಳಲ್ಲಿ ಬಿಲ್ ಆಗುವಷ್ಟು ಕಲಿಯಬಲ್ಲರೇ ಎಂಬುದನ್ನು ಅವರು ನೋಡುತ್ತಾರೆ.

ಆಫರ್ ಲೆಟರ್ ಓದುವ ಬಗೆ

"4.2 ಲಕ್ಷದ ಪ್ಯಾಕೇಜು" ಅಂದ ಕೂಡಲೇ ಮನೆಯಲ್ಲಿ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 35,000 ಅನ್ನುತ್ತಾರೆ. ಕೈಗೆ ಬರುವುದು ಅಷ್ಟಲ್ಲ. ಒಂದು ಮಾದರಿ ಬಿಡಿಸೋಣ. ಮೂಲವೇತನ ತಿಂಗಳಿಗೆ 17,500. ಕಂಪನಿ ಕಟ್ಟುವ ಪಿಎಫ್ ಅದರ 12 ಪ್ರತಿಶತ, ವರ್ಷಕ್ಕೆ 25,200. ಗ್ರಾಚ್ಯುಟಿ, ಅಂದರೆ ನೌಕರಿ ಬಿಡುವಾಗ ಸಿಗುವ ಇಡುಗಂಟು, ಮೂಲವೇತನದ 4.81 ಪ್ರತಿಶತ, 10,101. ವಿಮೆ 5,499 ಅಂತಿರಲಿ. ಕೆಲಸ ನೋಡಿ ಕೊಡುವ ವೇರಿಯಬಲ್ 36,000. ಈ ನಾಲ್ಕರ ಮೊತ್ತ 76,800. ಇದಿಷ್ಟೂ ಪ್ಯಾಕೇಜಿನಲ್ಲಿ ಎಣಿಕೆಯಾಗುತ್ತದೆ, ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಉಳಿದ 3,43,200ನ್ನು ಹನ್ನೆರಡರಿಂದ ಭಾಗಿಸಿದರೆ 28,600. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 2,100, ವೃತ್ತಿ ತೆರಿಗೆ 200 ಹೋದರೆ ಖಾತೆಗೆ ಬೀಳುವುದು 26,300. ಕೆಲವು ಕಂಪನಿಗಳು ಪಿಎಫನ್ನು 15,000ದ ಮಿತಿಯ ಮೇಲೆ ಮಾತ್ರ, ಅಂದರೆ 1,800 ಹಿಡಿಯುತ್ತವೆ. ಆಗ ಕೈಗೆ ತುಸು ಹೆಚ್ಚು ಬರುತ್ತದೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಎರಡು ವರ್ಷಕ್ಕೆ ಬಿಡುವ ಇರಾದೆ ಇದ್ದವರು ಆ ಸಾಲನ್ನು ಪಗಾರವೆಂದು ಎಣಿಸದಿರುವುದೇ ಒಳ್ಳೆಯದು.

ಇಷ್ಟು ಕಾಲದೊಳಗೆ ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಬಾಂಡ್ ಇದ್ದರೆ ಮೂರು ವಿಷಯ ಓದಿ: ಎಷ್ಟು ತಿಂಗಳು, ಎಷ್ಟು ಮೊತ್ತ, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ. ಬಾಂಡಿಗೆ ಕಿಮ್ಮತ್ತಿಲ್ಲ ಎಂದು ಹಾಸ್ಟೆಲಿನಲ್ಲಿ ಹೇಳುವ ಮಾತು ಅರ್ಧ ಸತ್ಯ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಕೊಡಿಸುವುದು ನ್ಯಾಯವೆನಿಸುವ ಪರಿಹಾರ. ಆದರೆ 2025ರ ಮೇ ತಿಂಗಳಲ್ಲಿ ಸರ್ಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ಇನ್ನೊಂದು ಮಾತು, ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒತ್ತೆ ಕೊಡಬೇಡಿ. ತೋರಿಸಿ, ಸ್ಕ್ಯಾನ್ ಮಾಡಿಸಿ, ವಾಪಸ್ ತಗೊಳ್ಳಿ.

ಹೆಸರಿನ ಗೋಜಲು

ನಮ್ಮ ಭಾಗದವರಿಗೆ ವಿಶೇಷವಾಗಿ ಕಾಡುವ ತೊಂದರೆ ಇದು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ "ಪಾಟೀಲ ಬಸವರಾಜ ಶಿವಪ್ಪ", ಆಧಾರದಲ್ಲಿ "ಬಸವರಾಜ ಪಾಟೀಲ", ಪ್ಯಾನಿನಲ್ಲಿ "ಬಸವರಾಜ ಎಸ್. ಪಾಟೀಲ್". ಊರಲ್ಲಿ ಎಲ್ಲರಿಗೂ ಒಬ್ಬನೇ. ಪಿಎಫ್ ವ್ಯವಸ್ಥೆಗೆ ಮೂವರು. ಸೇರುವ ದಿನ ಯುಎಎನ್, ಅಂದರೆ ಪಿಎಫಿನ ಖಾಯಂ ಸಂಖ್ಯೆ, ಆಗುವುದಿಲ್ಲ, ಕೆವೈಸಿ ಜೋಡಣೆಯಾಗುವುದಿಲ್ಲ, ತಪಾಸಣೆ ವರದಿಯಲ್ಲಿ ಹಳದಿ ಗುರುತು ಬೀಳುತ್ತದೆ. ಹೊಸ ಯುಎಎನ್ ಈಗ ಉಮಂಗ್ ಆ್ಯಪಿನಲ್ಲಿ ಮುಖ ತೋರಿಸಿ ಆಧಾರದ ಮೂಲಕವೇ ಆಗುವುದರಿಂದ ಆಧಾರದ ಹೆಸರೇ ಎಲ್ಲಕ್ಕೂ ತಳಹದಿ. ಕೊನೆಯ ಸೆಮಿಸ್ಟರಿನಲ್ಲೇ ಆಧಾರ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ ತಿದ್ದಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಕಾರ್ಡ್ ತಿದ್ದಿಸುವುದಕ್ಕಿಂತ ಉಳಿದವನ್ನು ಅದಕ್ಕೆ ಹೊಂದಿಸುವುದು ಸಲೀಸು. ಹೊಂದದಿದ್ದರೆ ಈ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಅಂಕದ ವಿಷಯದಲ್ಲೂ ಎಚ್ಚರ ಬೇಕು. ಸಿಜಿಪಿಎಯನ್ನು ಪ್ರತಿಶತ ಮಾಡುವಾಗ ನಿಮ್ಮ ಸ್ಕೀಮಿಗೆ, ಅಂದರೆ ನೀವು ಓದಿದ ಪಠ್ಯಕ್ರಮಕ್ಕೆ, ವಿಟಿಯು ಕೊಟ್ಟ ಸೂತ್ರವನ್ನೇ ಹಾಕಿ. ಅಂದಾಜಿಗೆ ಹತ್ತರಿಂದ ಗುಣಿಸಿ ಅರ್ಜಿಯಲ್ಲಿ ಬರೆದ ಅಂಕಿಗೂ ವಿಶ್ವವಿದ್ಯಾಲಯದ ದಾಖಲೆಗೂ ತಾಳೆಯಾಗದಿದ್ದರೆ ಅದು ಸುಳ್ಳು ಮಾಹಿತಿ ಎನಿಸಿಕೊಳ್ಳುತ್ತದೆ. ಪ್ರಮಾಣಪತ್ರದ ಕೆಲಸ ಬಿದ್ದರೆ ಬೆಳಗಾವಿಯವರಿಗೆ ವಿಟಿಯುವಿನ ಮುಖ್ಯ ಆವರಣ ಜ್ಞಾನಸಂಗಮ ಮಚ್ಛೆಯಲ್ಲೇ ಇದೆ. ಬೆಂಗಳೂರಿಗೆ ಹೋಗಿ ಕೂತ ಮೇಲೆ ಅದಕ್ಕಾಗಿ ತಿರುಗಿ ಬರುವುದಕ್ಕಿಂತ ಹೋಗುವ ಮುಂಚೆಯೇ ಮುಗಿಸಿಬಿಡಿ.

ಬೆಂಚು

ತರಬೇತಿ ಮುಗಿದ ದಿನದಿಂದ ಪ್ರಾಜೆಕ್ಟ್ ಸಿಗುವವರೆಗಿನ ಕಾಲಕ್ಕೆ ಬೆಂಚು ಅನ್ನುತ್ತಾರೆ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿಕೊಂಡು ಬೆಳೆದವರಿಗೆ ಹೆಸರೇ ಶಿಕ್ಷೆಯಂತೆ ಕೇಳುತ್ತದೆ. "ಇನ್ನೂ ಬೆಂಚಿನ ಮ್ಯಾಲನ ಅದಿಯೇನಪಾ?" ಅಂತ ಮನೆಯಿಂದ ಫೋನ್ ಬಂದರೆ ಹೇಳಬೇಕಾದದ್ದು ಇಷ್ಟೇ: ಪಗಾರ ಬರುತ್ತದೆ, ತಾಸಿಗೆ ಬಿಲ್ ಇಲ್ಲ. ಒಂದೆರಡು ತಿಂಗಳಾದರೆ ಗಾಬರಿಯಾಗಬೇಕಿಲ್ಲ. ಲಂಬಿಸಿದರೆ ಮಾತ್ರ ಅಪಾಯ. ಟಿಸಿಎಸ್ 2025ರ ಜೂನಿನಲ್ಲಿ ತಂದ ನೀತಿಯಲ್ಲಿ ವರ್ಷಕ್ಕೆ 225 ದಿನ ಬಿಲ್ ಆಗಿರಬೇಕು, ಬೆಂಚು 35 ಕೆಲಸದ ದಿನ ಮೀರಬಾರದು ಎಂದು ಅಂಕಿಯನ್ನೇ ಇಟ್ಟಿತು. ಬೇರೆ ಕಂಪನಿಗಳಲ್ಲಿ ಸಂಖ್ಯೆ ಬರೆದಿರಲಿಕ್ಕಿಲ್ಲ, ಲೆಕ್ಕ ಮಾತ್ರ ನಡೆದೇ ಇರುತ್ತದೆ.

ಬೆಂಚಿನಲ್ಲಿದ್ದಾಗ ಕೋರ್ಸಿನ ಮೇಲೆ ಕೋರ್ಸು ಮುಗಿಸುತ್ತ ಯಾರೋ ಬಂದು ಕರೆಯುತ್ತಾರೆ ಅಂತ ಕಾಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ಪ್ರಾಜೆಕ್ಟಿಗೆ ಜನ ಬೇಕಾದಾಗ ಅಲ್ಲಿನ ಮ್ಯಾನೇಜರು ಒಳಗಿನ ಪೋರ್ಟಲಿನಲ್ಲಿ ಬೇಡಿಕೆ ಹಾಕುತ್ತಾರೆ: ಪಾತ್ರ, ಕೌಶಲ, ಊರು, ಶಿಫ್ಟು, ಶುರುವಾಗುವ ದಿನ. ರಿಸೋರ್ಸ್ ಮ್ಯಾನೇಜ್‌ಮೆಂಟ್ ತಂಡದವರು ಅದಕ್ಕೆ ಹೊಂದುವವರನ್ನು ಪದ ಹಾಕಿ ಹುಡುಕುತ್ತಾರೆ. ನಿಮ್ಮ ಪ್ರೊಫೈಲಿನಲ್ಲಿ ಬರೀ "ಜಾವಾ" ಅಂತಿದ್ದರೆ ಸಾವಿರಾರು ಜನರ ಗುಂಪಿನಲ್ಲಿ ಕಳೆದುಹೋಗುತ್ತೀರಿ. "ಜಾವಾ 17, ಸ್ಪ್ರಿಂಗ್ ಬೂಟ್, ಒರೇಕಲ್ ಎಸ್‌ಕ್ಯೂಎಲ್, ಪುಣೆ ಅಥವಾ ಬೆಂಗಳೂರು, ಎರಡನೇ ಶಿಫ್ಟ್ ಆದರೂ ಸರಿ" ಅಂತಿದ್ದರೆ ಹುಡುಕಾಟಕ್ಕೆ ಸಿಗುತ್ತೀರಿ. ಬೆಳಗಾವಿಯವರು ಪುಣೆಯನ್ನು ಬಿಡಬಾರದು. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಅದು ಬೆಂಗಳೂರಿಗಿಂತ ಹತ್ತಿರ, ಮರಾಠಿ ತಿಳಿದಿದ್ದರೆ ರೂಮು ಹುಡುಕುವುದೂ ಸುಲಭ. ಪೋರ್ಟಲಿನ ಬೇಡಿಕೆ ಸಂಖ್ಯೆ ಬರೆದುಕೊಂಡು ಆ ಮ್ಯಾನೇಜರಿಗೇ ನೇರ ನಾಲ್ಕು ಸಾಲಿನ ಮೇಲ್ ಹಾಕಿ.

ಪ್ರಾಜೆಕ್ಟ್ ಬಂದಾಗ "ಟೆಸ್ಟಿಂಗ್ ಬೇಡ, ಸಪೋರ್ಟ್ ಬೇಡ, ಡೆವಲಪ್‌ಮೆಂಟೇ ಬೇಕು" ಎಂದು ಹಟ ಹಿಡಿಯುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಬಂದ ಪ್ರಾಜೆಕ್ಟನ್ನು ತೀರಾ ಅಸಾಧ್ಯವಲ್ಲದಿದ್ದರೆ ಒಪ್ಪಿಕೊಳ್ಳಬೇಕು, ಮೂರು ಪ್ರಶ್ನೆ ಕೇಳಿಯೇ. ಈ ಜಾಗ ಬಿಲ್ ಆಗುವುದೋ, ಶ್ಯಾಡೋ ಅಂದರೆ ಬಿಲ್ ಇಲ್ಲದೆ ಪಕ್ಕದಲ್ಲಿ ಕೂತು ಕಲಿಯುವುದೋ? ತಂತ್ರಜ್ಞಾನದ ಯಾವ ಆವೃತ್ತಿ? ಒಪ್ಪಂದ ಮುಗಿಯುವುದು ಯಾವಾಗ? ಎರಡು ತಿಂಗಳಲ್ಲಿ ಮುಗಿಯುವ ಒಪ್ಪಂದಕ್ಕೆ ಹೋದರೆ ಮತ್ತೆ ಬೆಂಚಿಗೆ ಬರುತ್ತೀರಿ. ಬೇಡಿಕೆ ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನೂ ನೋಡಿ. ಎಸ್‌ಎಪಿ ಕಂಪನಿ, ಉದ್ಯಮಗಳ ಲೆಕ್ಕಪತ್ರ, ಸರಕು ನಡೆಸುವ ತನ್ನ ಸಾಫ್ಟ್‌ವೇರಿನ ಹಳೆಯ ಇಸಿಸಿ ಆವೃತ್ತಿಯ ಮಾಮೂಲು ನಿರ್ವಹಣೆಯನ್ನು 2027ರ ಕೊನೆಗೆ ನಿಲ್ಲಿಸುವುದಾಗಿ ಹೇಳಿರುವುದರಿಂದ ಕಂಪನಿಗಳು ಅದರ ಹೊಸ ಆವೃತ್ತಿ ಎಸ್/4ಹಾನಾಕ್ಕೆ ಹೊರಟಿವೆ. ಕಾಲೇಜಿನಲ್ಲಿ ಹೆಸರೇ ಕೇಳದ ಎಸ್‌ಎಪಿಗೆ ಹೊಸಬರನ್ನು ಹಾಕುವುದು ಇದಕ್ಕೇ.

ಕೆಲವು ಗ್ರಾಹಕರು ಸೇರಿಸಿಕೊಳ್ಳುವ ಮುಂಚೆ ತಾವೇ ಸಂದರ್ಶನ ಮಾಡುತ್ತಾರೆ. ಅದಕ್ಕೆಂದು ನಿಮ್ಮ ರೆಸ್ಯೂಮೆಯಲ್ಲಿ ಇಲ್ಲದ ಅನುಭವ ಸೇರಿಸಲು ಯಾರಾದರೂ ಹೇಳಿದರೆ ಅದನ್ನು ಮೇಲ್‌ನಲ್ಲಿ ಬರೆದು ಕೇಳಿ. ಹೆಚ್ಚಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಒಂದು ಫೈಲಿನ ಕಥೆ

ಹೊಸಬರ ಕೈಗೆ ಮೊದಲು ಬರುವ ಕೆಲಸ ಹೆಚ್ಚಾಗಿ ದತ್ತಾಂಶದ್ದು. ಹಳೆಯ ವ್ಯವಸ್ಥೆಯಿಂದ ತೆಗೆದ, ಅಲ್ಪವಿರಾಮದಿಂದ ಕಾಲಮು ಬೇರ್ಪಡಿಸಿದ ಸಿಎಸ್‌ವಿ ಫೈಲನ್ನು ತಿದ್ದಿ ಹೊಸದಕ್ಕೆ ಏರಿಸುವುದು. ಸರಳ ಅನ್ನಿಸುತ್ತದೆ, ಆದರೆ ಹೆಚ್ಚು ಮರ್ಯಾದೆ ಹೋಗುವುದು ಇಲ್ಲಿಯೇ.

ಫೈಲಿನ ಮೇಲೆ ಎರಡು ಸಲ ಒತ್ತಿದರೆ ಎಕ್ಸೆಲ್ ತೆರೆದುಕೊಳ್ಳುತ್ತದೆ. ತೆರೆದ ಕ್ಷಣವೇ ಅದು ತನಗೆ ತಿಳಿದಂತೆ ಅರ್ಥ ಮಾಡಿಕೊಳ್ಳಲು ಶುರುಮಾಡುತ್ತದೆ. ಸಾಮಾನಿನ ಕೋಡ್ 00004512 ಇದ್ದದ್ದು 4512 ಆಗುತ್ತದೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿಯಷ್ಟೇ ಹಿಡಿದಿಡಬಲ್ಲದು. 03/04/2026 ಎಂಬ ತಾರೀಖು ಅಮೆರಿಕದ ಗ್ರಾಹಕನಿಗೆ ಮಾರ್ಚ್ 4, ಭಾರತದ ಸೆಟ್ಟಿಂಗ್ ಇರುವ ನಿಮ್ಮ ಲ್ಯಾಪ್‌ಟಾಪಿಗೆ ಏಪ್ರಿಲ್ 3. ಅವನು ಕಳಿಸಿದ 03/25/2026 ನಿಮ್ಮಲ್ಲಿ ತಾರೀಖೇ ಅಲ್ಲ, ಬರೀ ಅಕ್ಷರ. ಹೀಗೆ ಒಂದೇ ಕಾಲಮಿನಲ್ಲಿ ಅರ್ಧ ತಪ್ಪು ತಾರೀಖು, ಅರ್ಧ ಅಕ್ಷರ ಕೂಡಿಕೊಳ್ಳುತ್ತವೆ. ಜರ್ಮನಿಯ ಹೆಸರುಗಳಲ್ಲಿನ ಚುಕ್ಕೆ ಅಕ್ಷರಗಳು ಕಸವಾಗುತ್ತವೆ. ಏನನ್ನೂ ಬದಲಿಸದೆ "ಸೇವ್" ಒತ್ತಿದರೂ ಈ ಹಾನಿ ಫೈಲಿನಲ್ಲಿ ಉಳಿದುಬಿಡುತ್ತದೆ. ಎಲ್ಲಿಯೂ ಎರರ್ ಬರುವುದಿಲ್ಲ. ಮೂರು ವಾರದ ನಂತರ ಯಾವುದೋ ಗೋದಾಮಿನಲ್ಲಿ ಕೋಡ್ ಸಿಗುತ್ತಿಲ್ಲ ಎಂದು ದೂರು ಬಂದಾಗಲೇ ಗೊತ್ತಾಗುವುದು.

ಮಾಡಬೇಕಾದ ರೀತಿ ಹೀಗೆ. ಬಂದ ಮೂಲ ಫೈಲನ್ನು ಮುಟ್ಟದೆ ಒಂದು ಫೋಲ್ಡರಿನಲ್ಲಿ ಇಟ್ಟುಬಿಡಿ, ಪ್ರತಿಯ ಮೇಲೆ ಕೆಲಸ ಮಾಡಿ. ಎಕ್ಸೆಲ್ ಅನ್ನು ಖಾಲಿ ತೆರೆದು ಡೇಟಾ ಮೆನುವಿನ "ಫ್ರಮ್ ಟೆಕ್ಸ್ಟ್/ಸಿಎಸ್‌ವಿ" ಮೂಲಕ ತರಿಸಿ, ಅಲ್ಲಿ ಕೋಡ್, ಖಾತೆ, ತಾರೀಖಿನ ಕಾಲಮುಗಳನ್ನು "ಟೆಕ್ಸ್ಟ್" ಎಂದು ಗುರುತಿಸಿ. ಅಕ್ಷರ ಸಂಕೇತ ಯುಟಿಎಫ್-8 ಇದೆಯೇ ನೋಡಿ. ಏರಿಸುವ ಮುಂಚೆ ಮತ್ತು ಏರಿಸಿದ ಮೇಲೆ ಮೂರು ಸಂಖ್ಯೆ ತೆಗೆಯಿರಿ: ಒಟ್ಟು ಸಾಲು, ಹಣದ ಕಾಲಮಿನ ಒಟ್ಟು ಮೊತ್ತ, ಪುನರಾವರ್ತನೆಯಿಲ್ಲದ ಕೋಡುಗಳ ಸಂಖ್ಯೆ. ಮೂರೂ ಹೊಂದಬೇಕು. ಬಳಿಕ ಮೊದಲ ಸಾಲು, ಕೊನೆಯ ಸಾಲು, ನಡುವಿನ ಹತ್ತು ಸಾಲುಗಳನ್ನು ಕಣ್ಣಿನಿಂದ ಓದಿ. ಆ ಮೂರು ಸಂಖ್ಯೆಗಳನ್ನು ಮೇಲ್‌ನಲ್ಲಿ ಬರೆದು ಕಳಿಸುವ ಹೊಸಬರನ್ನು ಲೀಡ್‌ಗಳು ಎರಡನೇ ವಾರದಲ್ಲೇ ನಂಬಲು ಶುರುಮಾಡುತ್ತಾರೆ.

ಡೇಟಾಬೇಸಿನಲ್ಲಿ ನೇರ ಕೈ ಹಾಕುವಾಗಲೂ ಇದೇ ಶಿಸ್ತು. ಅಪ್‌ಡೇಟ್ ಎಂಬ ಸಾಲು ಬದಲಿಸುವ ಆದೇಶ ಬರೆಯುವ ಮುಂಚೆ ಅದೇ ವೇರ್ ಷರತ್ತಿನಿಂದ, ಸಾಲುಗಳನ್ನು ತೋರಿಸುವುದಷ್ಟೇ ಮಾಡುವ ಸೆಲೆಕ್ಟ್ ಓಡಿಸಿ. 12 ಸಾಲು ಬರಬೇಕಾದಲ್ಲಿ 12,000 ಬಂದರೆ ಅಲ್ಲೇ ನಿಲ್ಲಬಹುದು. ಡೆವಲಪ್‌ಮೆಂಟ್, ಟೆಸ್ಟ್, ಯುಎಟಿ (ಗ್ರಾಹಕರೇ ಪರೀಕ್ಷಿಸುವುದು), ಪ್ರೊಡಕ್ಷನ್ (ನಿಜವಾದ ವ್ಯಾಪಾರ ನಡೆಯುವುದು) ಎಂಬ ನಾಲ್ಕು ವ್ಯವಸ್ಥೆಗಳ ವಿಂಡೋಗಳು ಒಂದೇ ತರಹ ಕಾಣುತ್ತವೆ. ಪ್ರೊಡಕ್ಷನ್ ವಿಂಡೋಗೆ ಕೆಂಪು ಬಣ್ಣ ಹಚ್ಚಿಡಿ, ಕೆಲಸವಾದ ತಕ್ಷಣ ಮುಚ್ಚಿಬಿಡಿ.

ಟಿಕೆಟ್ ಮತ್ತು ಗಡಿಯಾರ

ಸಪೋರ್ಟ್ ತಂಡದಲ್ಲಿ ಪ್ರತಿ ದೂರೂ ಒಂದು ಟಿಕೆಟ್. ಪಿ1 ಅಂದರೆ ವ್ಯಾಪಾರ ನಿಂತಿದೆ, ಪಿ4 ಅಂದರೆ ನಿಧಾನವಾದರೂ ನಡೆದೀತು. ಎಷ್ಟು ಹೊತ್ತಿನಲ್ಲಿ ಉತ್ತರ, ಎಷ್ಟು ಹೊತ್ತಿನಲ್ಲಿ ಪರಿಹಾರ ಎಂಬುದು ಒಪ್ಪಂದದಲ್ಲಿ ಬರೆದಿರುತ್ತದೆ, ತಪ್ಪಿದರೆ ದಂಡ. ಹೊಸಬರು ಎಡವುವುದು ರಿಪೇರಿಯಲ್ಲಲ್ಲ, ಟಿಕೆಟಿನ ಸ್ಥಿತಿಯಲ್ಲಿ. ಗ್ರಾಹಕನಿಗೆ ಒಂದು ಪ್ರಶ್ನೆ ಕೇಳಿ ಮೇಲ್ ಹಾಕಿದಿರಿ, ಅವನು ಎರಡು ದಿನ ಉತ್ತರಿಸಲಿಲ್ಲ. ಟಿಕೆಟನ್ನು "ಗ್ರಾಹಕರ ಉತ್ತರಕ್ಕಾಗಿ ಬಾಕಿ" ಎಂಬ ಸ್ಥಿತಿಗೆ ತಂದಿದ್ದರೆ ಗಡಿಯಾರ ನಿಂತಿರುತ್ತಿತ್ತು. ತರದಿದ್ದರೆ ಆ ಎರಡು ದಿನವೂ ನಿಮ್ಮ ತಲೆಗೆ.

ಇನ್ನೊಂದು ಗಡಿಯಾರ ಗ್ರಾಹಕನ ಊರಿನದು. ನ್ಯೂಯಾರ್ಕಿನ ಬೆಳಗಿನ 9 ಗಂಟೆ ನಮಗೆ ಚಳಿಗಾಲದಲ್ಲಿ ಸಂಜೆ 7.30, ಬೇಸಿಗೆಯಲ್ಲಿ 6.30. ಲಂಡನ್ನಿನ 9 ಗಂಟೆ ಮಧ್ಯಾಹ್ನ 2.30 ಅಥವಾ 1.30. ಅಮೆರಿಕ ಗಡಿಯಾರ ತಿರುಗಿಸುವುದು ಮಾರ್ಚಿನ ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಮೂರು ದೇಶದವರಿರುವ ಮೀಟಿಂಗುಗಳಲ್ಲಿ ಯಾರಾದರೊಬ್ಬರು ಒಂದು ತಾಸು ತಪ್ಪಿಸಿಕೊಳ್ಳುವುದು ಖಾಯಂ.

ರಜೆಯೂ ಅವರ ಪಂಚಾಂಗಕ್ಕೆ ತಗುಲಿಕೊಂಡಿದೆ. ವಿಜಯಪುರದವರಿಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಬಿಡಲಾಗದು. ಹಣಕಾಸು ವ್ಯವಸ್ಥೆಯ ಸಪೋರ್ಟಿನಲ್ಲಿದ್ದರೆ ಜನವರಿಯ ಮೊದಲ ಎರಡು ವಾರವೇ ಗ್ರಾಹಕನ ವರ್ಷದ ಲೆಕ್ಕ ಮುಚ್ಚುವ ಕಾಲ. ನವೆಂಬರಿನಲ್ಲೇ ರಜೆ ಹಾಕಿ, ಬದಲಿಗೆ ಕ್ರಿಸ್‌ಮಸ್ ವಾರ ನಾನು ಕೂರುತ್ತೇನೆ ಎಂದು ಹೇಳಿದರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಆ ವಾರ ಕೂರುವವರು ಸಿಗದೆ ಎಲ್ಲ ಲೀಡ್‌ಗಳೂ ಪರದಾಡುತ್ತಿರುತ್ತಾರೆ.

"ಹೂಂ ಸರ್, ಆಗ್ತದ ಸರ್"

ದೊಡ್ಡವರ ಮಾತಿಗೆ ಇಲ್ಲ ಅನ್ನಬಾರದು ಎಂದು ಬೆಳೆದವರು ಮೀಟಿಂಗಿನಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ನಮ್ಮಲ್ಲಿ ಹೂಂ ಅಂದರೆ "ಕೇಳಿಸಿತು" ಎಂದರ್ಥ. ಗ್ರಾಹಕ ಅದನ್ನು "ಶುಕ್ರವಾರ ಕೊಡುತ್ತೇನೆ" ಎಂದು ಬರೆದುಕೊಳ್ಳುತ್ತಾನೆ. "ನೋಡಿ ಸಂಜೆಯೊಳಗೆ ತಾರೀಖು ಹೇಳುತ್ತೇನೆ" ಅನ್ನುವುದು ಉದ್ಧಟತನವಲ್ಲ. ಐವತ್ತು ದಾಟಿದ ಅಮೆರಿಕದವರನ್ನು ಹೆಸರು ಹಿಡಿದು ಕರೆಯುವುದು ಒಂದು ತಿಂಗಳು ಮುಜುಗರ ತರುತ್ತದೆ, ಆಮೇಲೆ ರೂಢಿಯಾಗುತ್ತದೆ.

ದಿನದ ವರದಿಯಲ್ಲಿ "ಕೆಲಸ ನಡೆದಿದೆ" ಎಂಬ ಸಾಲಿಗೆ ಬೆಲೆಯಿಲ್ಲ. "12 ಪರೀಕ್ಷೆಯಲ್ಲಿ 9 ಪಾಸ್, 2 ಫೇಲ್. ಒಂದನ್ನು ಮಾಡಲಾಗಿಲ್ಲ, ಟೆಸ್ಟ್ ಸರ್ವರಿನ ಅನುಮತಿ ಸೋಮವಾರದಿಂದ ಬಂದಿಲ್ಲ, ಟಿಕೆಟ್ ಹಾಕಿದ್ದೇನೆ" ಎಂದರೆ ಲೀಡ್ ಅದನ್ನೇ ಎತ್ತಿ ಗ್ರಾಹಕನಿಗೆ ಕಳಿಸಬಹುದು. ಸಿಕ್ಕಿಹಾಕಿಕೊಂಡಾಗ ಅರ್ಧ ತಾಸು ಸ್ವತಃ ಹುಡುಕಿ, ಆಮೇಲೆ ಕೇಳಿ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಎರರಿನ ಪೂರ್ತಿ ಪಠ್ಯ, ಈ ನಾಲ್ಕೂ ಇರಲಿ.

ಇಂಗ್ಲಿಷ್ ಮಾತು ತಡವರಿಸುವವರಿಗೆ ಒಂದು ಉಪಾಯವಿದೆ. ಮೀಟಿಂಗಿನ ಟಿಪ್ಪಣಿ ಬರೆಯುವ ಕೆಲಸವನ್ನು ತಾವೇ ಕೇಳಿ ತಗೊಳ್ಳುವುದು. ಏನು ತೀರ್ಮಾನ, ಯಾರು ಮಾಡಬೇಕು, ಯಾವ ತಾರೀಖು, ಇಷ್ಟೇ ಮೂರು ಕಾಲಮು, ಮೀಟಿಂಗ್ ಮುಗಿದ ತಾಸಿನೊಳಗೆ ಮೇಲ್. ಬೇಕಾಗುವ ಪದ ಇನ್ನೂರೂ ಇಲ್ಲ, ಹೆಸರು ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ.

ಟೈಮ್‌ಶೀಟ್

ಶುಕ್ರವಾರ ಸಂಜೆ ತುಂಬುವ ಈ ಹಾಳೆಯೇ ಬಿಲ್ಲಿನ ಆಧಾರ. ತಪ್ಪು ಪ್ರಾಜೆಕ್ಟ್ ಕೋಡಿಗೆ ಎಂಟು ತಾಸು ಹಾಕಿದರೆ ಇನ್ನಾರದೋ ಇನ್‌ವಾಯ್ಸ್ ತಿರಸ್ಕಾರವಾಗುತ್ತದೆ. ಹನ್ನೊಂದು ತಾಸು ದುಡಿದು ಎಂಟು ತುಂಬುವ ಪದ್ಧತಿ ಬಹಳ ಕಡೆ ಇದೆ. ಅದರಿಂದ ಮುಂದಿನ ಅಂದಾಜೂ ಎಂಟರ ಮೇಲೇ ಆಗುತ್ತದೆ, ಮುಂದಿನ ತಂಡವೂ ಹನ್ನೊಂದು ದುಡಿಯುತ್ತದೆ. ಹೆಚ್ಚಿನ ತಾಸು ತುಂಬಲು ಬಿಡದಿದ್ದರೆ ಕನಿಷ್ಠ ನಿಮ್ಮ ಸ್ವಂತ ವಹಿಯಲ್ಲಿ ದಿನ, ಕೆಲಸ, ತಾಸು ಬರೆದಿಡಿ. ವರ್ಷದ ಮೌಲ್ಯಮಾಪನದಲ್ಲಿ ಅದೇ ನಿಮ್ಮ ಸಾಕ್ಷಿ. ಆ ಮೌಲ್ಯಮಾಪನ ಬರೆಯುವ ಮ್ಯಾನೇಜರಿಗೂ ದಿನವೂ ಕೆಲಸ ಹೇಳುವ ಲೀಡಿಗೂ ಎಷ್ಟೋ ಸಲ ಪರಿಚಯವೇ ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಲೀಡಿನಿಂದ ಎರಡು ಸಾಲಿನ ಅಭಿಪ್ರಾಯ ಮೇಲ್‌ನಲ್ಲಿ ತರಿಸಿ ಮ್ಯಾನೇಜರಿಗೆ ಮುಟ್ಟಿಸುವುದು ನಿಮ್ಮದೇ ಹೊಣೆ.

ಊರಿನಿಂದ ಕೆಲಸ ಮಾಡುವಾಗ

ಮಳೆಗಾಲದಲ್ಲಿ ಬೆಳಗಾವಿಯಿಂದ ಕೆಲಸ ಮಾಡುವವರಿಗೆ ಹೆಸ್ಕಾಂ ಕೈಕೊಡುವ ಹೊತ್ತು ಗೊತ್ತಿರುವುದಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೂಟರಿಗಿಲ್ಲ. ಬಹುತೇಕ ರೂಟರುಗಳು 12 ವೋಲ್ಟಿನವು. ಅದಕ್ಕೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ಹಾಕಿದರೆ ಎರಡು ಮೂರು ತಾಸು ನಡೆಯುತ್ತದೆ. ಆದರೆ ಫೈಬರ್ ತಂತಿ ಬಂದು ಸೇರುವ ಡಬ್ಬಿ, ಅಂದರೆ ಒಎನ್‌ಟಿ ಬೇರೆ ಇದ್ದರೆ ಅದಕ್ಕೂ ಬೇಕು. ಮೊಬೈಲ್ ಹಾಟ್‌ಸ್ಪಾಟಿಗೆ ಮನೆಯ ಫೈಬರಿನದ್ದಲ್ಲದ ಬೇರೆ ಕಂಪನಿಯ ಸಿಮ್ ಇರಲಿ.

ಗ್ರಾಹಕನ ಮಾಹಿತಿ ಹೊರಗೆ ಹೋಗುವುದು ಮಾತ್ರ ಯಾರೂ ಕ್ಷಮಿಸದ ತಪ್ಪು. ಕೋಡನ್ನು ಜಿಮೇಲಿಗೆ ಕಳಿಸಿಕೊಳ್ಳುವುದು, ಎರರಿನ ಫೋಟೊ ವಾಟ್ಸ್‌ಆ್ಯಪಿನಲ್ಲಿ ಗೆಳೆಯನಿಗೆ ಹಾಕುವುದು, ಗ್ರಾಹಕನ ದತ್ತಾಂಶವನ್ನು ಸಾರ್ವಜನಿಕ ಎಐ ಚಾಟ್‌ಬಾಟಿಗೆ ಅಂಟಿಸುವುದು, ಇವು ಒಳ್ಳೆಯ ಉದ್ದೇಶದಿಂದಲೇ ಆಗುತ್ತವೆ, ನೌಕರಿಯನ್ನೂ ಕಳೆಯುತ್ತವೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಬರ್ತಿನ ಮೇಲೆ ಲ್ಯಾಪ್‌ಟಾಪ್ ತೆರೆದು ಗ್ರಾಹಕನ ಹೆಸರು ಹೇಳುತ್ತ ಕಾಲ್ ಮಾಡುವುದೂ ಅದೇ ಸಾಲಿಗೆ ಸೇರುತ್ತದೆ.

ಬಿಡುವಾಗ

ನೋಟಿಸ್ ಅವಧಿ ಅನೇಕ ಕಡೆ 60ರಿಂದ 90 ದಿನ. ಹೊಸ ಕಂಪನಿಯ ಲಿಖಿತ ಆಫರ್ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡಿ. ಅದು ಮೇಲ್ ಮತ್ತು ಪೋರ್ಟಲ್ ಎರಡರಲ್ಲೂ ಇರಲಿ, ಒಪ್ಪಿಗೆಯ ಮೇಲನ್ನು ಸ್ವಂತ ದಾಖಲೆಗೆ ಮುದ್ರಿಸಿಟ್ಟುಕೊಳ್ಳಿ. ಕೊನೆಯ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ಕೊಟ್ಟದ್ದಕ್ಕೆ ರಸೀದಿ, ರಿಲೀವಿಂಗ್ ಲೆಟರ್, ಅನುಭವ ಪತ್ರ, ಹಿಂದಿನ ಎಲ್ಲ ಸಂಬಳದ ಚೀಟಿ ತೆಗೆದಿಟ್ಟುಕೊಳ್ಳಿ. ಒಳಗಿನ ಪೋರ್ಟಲ್ ಮರುದಿನ ತೆರೆಯುವುದಿಲ್ಲ. ಪಿಎಫ್ ಹಣವನ್ನು ತೆಗೆಯದೆ ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷ ತುಂಬುವ ಮುಂಚೆ ತೆಗೆದರೆ ತೆರಿಗೆಯ ತಾಪತ್ರಯವಿದೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವಾ ಲೆಕ್ಕವೂ ಕಡಿದುಹೋಗಬಹುದು. ವರ್ಗಾವಣೆ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಒಂದೇ ಕಾರಣಕ್ಕೆ: ಹಳೆಯ ಕಂಪನಿ ನೀವು ಬಿಟ್ಟ ತಾರೀಖನ್ನು ತುಂಬಿರುವುದಿಲ್ಲ. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲಿನ "ಮಾರ್ಕ್ ಎಕ್ಸಿಟ್" ಆಯ್ಕೆಯಿಂದ ಆಧಾರದ ಒಟಿಪಿ ಹಾಕಿ ಆ ತಾರೀಖನ್ನು ನೀವೇ ತುಂಬಬಹುದು.